ಬ್ರೇಕು ‘ಸರಿಹೋಯ್ತು’ ಎಂದ ಮಾತಿನ ಬಗ್ಗೆ

ನಾನು, ವಯಸ್ಸು ಐವತ್ತೊಂದು ವರ್ಷ, ಕಸುಬು ಕಿಟಕಿ ಬಾಗಿಲುಗಳ ಪರದೆ ಹೊಲಿದು ಮಾರುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಮೊದಲ ಮಹಡಿ, ಬೀದಿಯಲ್ಲಿ ‘ಪರದೆ ಅಕ್ಕ’ ಎಂದು ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ, ಈ ಮೂಲಕ ತಿಳಿಸುವುದೇನೆಂದರೆ:

ಮೊನ್ನೆ ಮಧ್ಯಾಹ್ನ ದೊಡ್ಡಾಸ್ಪತ್ರೆಯ ಇಳಿಜಾರಿನಲ್ಲಿ ಗೋಡೆಗೆ ಗುದ್ದಿದ ಕಪ್ಪು ಕಾರು ನಮ್ಮದು. ಓಡಿಸುತ್ತಿದ್ದವರು ನನ್ನ ಯಜಮಾನರು. ಹಿಂದಿನ ಸೀಟಿನಲ್ಲಿ ಕುಳಿತಿದ್ದವಳು ನಾನು. ಬಸ್ ಸ್ಟಾಪಿನಲ್ಲಿದ್ದ ನರ್ಸಮ್ಮ ಒಬ್ಬರಿಗೆ ಕಾರು ಬಡಿದು, ಇವತ್ತಿನವರೆಗೂ ಆಕೆಗೆ ಪ್ರಜ್ಞೆ ಬಂದಿರುವುದಿಲ್ಲ. ಸದರಿ ಕಾರಿನ ಬ್ರೇಕು ರಿಪೇರಿಗೆ ಹಿಡಿದಿದ್ದ ಗ್ಯಾರೇಜಿನವನನ್ನು, ಅಂದರೆ ನಾವೆಲ್ಲ ‘ಗೊಣಗಪ್ಪ’ ಎನ್ನುವವನನ್ನು, ನಿನ್ನೆಯಿಂದ ಈ ಠಾಣೆಯ ಬೆಂಚಿನ ಮೇಲೆ ಕೂರಿಸಲಾಗಿದೆ. ಗೊಣಗಪ್ಪ ತನಗೆ ಫೋನ್ ಮಾಡಿ ಬ್ರೇಕು ಸರಿಹೋಯ್ತು ಎಂದು ಹೇಳಿದ, ಅದನ್ನು ನಂಬಿ ಕಾರು ತೆಗೆದೆ ಎಂದು ನನ್ನ ಯಜಮಾನರು ನಿನ್ನೆ ಆಸ್ಪತ್ರೆಯ ಹಾಸಿಗೆಯಿಂದ ಹೇಳಿಕೆ ಕೊಟ್ಟಿರುವುದೇ ಅದಕ್ಕೆ ಕಾರಣ. ಆ ಫೋನ್ ತೆಗೆದುಕೊಂಡವಳು ನಾನು. ಅದನ್ನು ಹೇಳಲು, ಯಾರೂ ಕರೆಯದೆ, ನಾನಾಗಿ ಬಂದಿರುತ್ತೇನೆ.

ಯಜಮಾನರು ಒಂದು ಕಂಪನಿಯಲ್ಲಿ ದೊಡ್ಡ ಸಾಹೇಬರ ಕಾರು ಓಡಿಸಿ ನಿವೃತ್ತರಾದವರು. ಇಷ್ಟು ವರ್ಷದ ಸರ್ವೀಸಿನಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ ಎನ್ನುವುದು ಅವರ ಜಂಬ. ಬೇರೆಯವರಿಗೆ ಹಿಂದಿನ ಬಾಗಿಲು ತೆಗೆದು ಹಿಡಿಯುವುದರಲ್ಲೇ ಆಯುಷ್ಯ ಕಳೆಯಿತು. ಕೆಲಸ ಬಿಟ್ಟ ವರ್ಷ ಹಳೆ ಕಾರಿನ ವ್ಯಾಪಾರಿಯ ಹತ್ತಿರ ಸಾಹೇಬರ ಕಾರಿನಂಥದ್ದೇ ಒಂದನ್ನು ಕಂಡು, ಮದುವೆಗೆ ಹೆಣ್ಣು ನೋಡಿದವರ ಹಾಗೆ ಮನೆಗೆ ಬಂದು ಊಟ ಬಿಟ್ಟರು. ಡಾಕ್ಟರೊಬ್ಬರು ಭಾನುವಾರ ಮಾತ್ರ ಓಡಿಸಿದ ಗಾಡಿ ಎಂದು ವ್ಯಾಪಾರಿ ಹೇಳಿದ್ದನು. ಆ ಡಾಕ್ಟರಿಗೆ ವಾರಕ್ಕೆ ಎಷ್ಟು ಭಾನುವಾರ ಇದ್ದವೋ ನಾನು ಕಾಣೆ.

ಕಾರು ಬಂದ ವಾರದಲ್ಲೇ ಡ್ರೈವರ್ ಬದಿಯ ಗಾಜು ಬಾಗಿಲೊಳಗೆ ಬಿದ್ದುಹೋಯಿತು. ಸಾಯಂಕಾಲ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗ್ಗೆ ನೋಡಿದರೆ ಒಂದು ಮಗ್ಗುಲಿಗೆ ಕುಸಿದು ಕುಳಿತಿರುತ್ತಿತ್ತು. ಅದರೊಳಗಿನ ಗಾಳಿ ಸೋರುತ್ತದೆ, ಇಂಥ ಗಾಡಿಗಳಿಗೆ ಸ್ಪ್ರಿಂಗಿನ ಬದಲು ಗಾಳಿಯ ಚೀಲ ಇರುತ್ತದೆ ಎಂದು ಗೊಣಗಪ್ಪ ಹೇಳಿದನು. ಕೀ ಯಜಮಾನರ ಕೈಯಲ್ಲೇ ಇದ್ದರೂ ಕೀ ಸಿಗುತ್ತಿಲ್ಲ ಎಂದು ಡ್ಯಾಶ್‌ಬೋರ್ಡು ದೂರು ಹೇಳುತ್ತಿತ್ತು. ಎ.ಸಿ. ಹಾಕಿದರೆ ನನ್ನ ಪಾದದ ಮೇಲೆ ನೀರು. ಒಮ್ಮೆ ಮೇಲ್ಸೇತುವೆಯ ನಟ್ಟನಡುವೆ ಇಂಜಿನ್ ತಾನಾಗಿ ನಿಂತು, ಹಿಂದಿನ ಲಾರಿಯವನು ನಮ್ಮ ಏಳೇಳು ತಲೆಮಾರನ್ನು ನೆನೆದನು. ಏರ್‌ಬ್ಯಾಗಿನ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಅದನ್ನು ನೋಡುತ್ತಿದ್ದರೆ ತಲೆ ಕೆಡುತ್ತದೆ ಎಂದು ಯಜಮಾನರು ಅದರ ಮೇಲೆ ಕಪ್ಪು ಟೇಪು ಅಂಟಿಸಿದರು. ಟೇಪು ಕತ್ತರಿಸಿ ಕೊಟ್ಟವಳು ನಾನೇ. ಈ ಕಾರಿಗೆ ನಾನು ‘ದೊರೆಗಳು’ ಎಂದು ಹೆಸರಿಟ್ಟಿದ್ದೆ. ಯಾವಾಗ ಯಾವುದಕ್ಕೆ ಮುನಿಸಿಕೊಳ್ಳುತ್ತಾರೋ ತಿಳಿಯದು, ಮುನಿಸಿಕೊಂಡರೆ ಮನೆಮಂದಿಯೆಲ್ಲ ಕೈಕಟ್ಟಿ ನಿಲ್ಲಬೇಕು. ಇದೆಲ್ಲ ಈ ಪ್ರಕರಣಕ್ಕೆ ಬೇಡಮ್ಮ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಹೇಳಿರುತ್ತಾರೆ. ಬೇಕು ಎಂದು ನಾನು ಹೇಳಿರುತ್ತೇನೆ.

ನನ್ನನ್ನು ಅವರು ಒಂದು ದಿನವೂ ಮುಂದೆ ಕೂರಲು ಬಿಟ್ಟವರಲ್ಲ. ಹಿಂದಿನ ಬಾಗಿಲು ತೆಗೆದು ಹಿಡಿದು, ‘ಬನ್ನಿ ಮೇಡಂ, ತಲೆ ಜೋಪಾನ’ ಎನ್ನುತ್ತಿದ್ದರು. ಬೀದಿಯವರೆಲ್ಲ ನೋಡುತ್ತಾರೆಂದು ನನಗೆ ನಾಚಿಕೆಯಾಗುತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಹೋದ ವಾರದಿಂದ ಬ್ರೇಕು ಒತ್ತಿದರೆ ಮೆತ್ತಗೆ ಕೆಳಗಿಳಿಯುತ್ತದೆ, ದಿಂಬು ತುಳಿದ ಹಾಗಾಗುತ್ತದೆ ಎಂದು ಯಜಮಾನರು ಹೇಳತೊಡಗಿದರು. ಅಪಘಾತದ ಹಿಂದಿನ ದಿನ ಕಾರನ್ನು ಗೊಣಗಪ್ಪನ ಗ್ಯಾರೇಜಿಗೆ ಬಿಟ್ಟು ಬಂದರು. ಒಂದು ಕೀ ಅವನಿಗೆ ಕೊಟ್ಟು, ಇನ್ನೊಂದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಗೊಣಗಪ್ಪನ ಮಾತಿನ ಬಗೆ ಇಲ್ಲಿ ಹೇಳಲೇಬೇಕು. ಅವನ ಕೆಲಸದಲ್ಲಿ ಮೋಸವಿಲ್ಲ, ಬಾಯಲ್ಲಿ ಮಾತ್ರ ಒಂದು ಒಳ್ಳೆಯ ಮಾತು ಹುಟ್ಟುವುದಿಲ್ಲ. ಚಹಾ ಚೆಲ್ಲಿದರೆ ಸರಿಹೋಯ್ತು. ಬೋಲ್ಟು ತುಂಡಾದರೆ ಸರಿಹೋಯ್ತು. ಮಗಳಿಗೆ ಜ್ವರ ಬಂದರೂ ಸರಿಹೋಯ್ತು. ಗಾಡಿ ನಿಜವಾಗಿ ರಿಪೇರಿಯಾದ ದಿನ ಆ ಮಾತು ಅವನ ಬಾಯಿಂದ ಬರುವುದಿಲ್ಲ. ‘ಬಂದು ತೊಗೊಂಡ್ಹೋಗಿ, ಜಾಗ ಖಾಲಿ ಮಾಡಿ’ ಎನ್ನುತ್ತಾನೆ. ಬೇಕಾದರೆ ಅವನ ಗಿರಾಕಿಗಳಲ್ಲಿ ಯಾರನ್ನಾದರೂ ಕರೆಸಿ ಕೇಳಬಹುದು.

ಮೊನ್ನೆ ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಯಜಮಾನರು ಸ್ನಾನಕ್ಕೆ ಹೋಗಿದ್ದರು. ನಾನು ನಡುಮನೆಯ ನೆಲದ ಮೇಲೆ ಒಂದು ಉದ್ದ ಪರದೆ ಹಾಸಿಕೊಂಡು ನೆರಿಗೆಗೆ ಗುಂಡುಸೂಜಿ ಚುಚ್ಚುತ್ತಿದ್ದೆ. ನಮ್ಮ ಕಸುಬಿನಲ್ಲಿ ಗುಂಡುಸೂಜಿ ಡಬ್ಬಿಯಲ್ಲಿ ಇರುವುದಿಲ್ಲ, ತುಟಿಗಳ ನಡುವೆ ಇರುತ್ತದೆ. ಒಂದು ಕೈ ಬಟ್ಟೆ ಹಿಡಿದಿರುತ್ತದೆ, ಇನ್ನೊಂದು ಕೈ ಬಾಯಿಂದ ಸೂಜಿ ಎಳೆದು ಚುಚ್ಚುತ್ತಾ ಹೋಗುತ್ತದೆ. ಯಜಮಾನರ ಫೋನ್ ಹೊಡೆದುಕೊಂಡಿತು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹ್ಞೂಂ ಎಂದೆ. ಗೊಣಗಪ್ಪ ಹೇಳಿದ್ದು ಅಕ್ಷರ ಬಿಡದೆ ಹೀಗಿದೆ: ‘ಅಯ್ಯೋ, ಸರಿಹೋಯ್ತು ಅಕ್ಕಾ ಈ ಬ್ರೇಕು! ಪೈಪೇ ಸೀಳಿದೆ, ಆಯಿಲ್ಲೆಲ್ಲ ಸೋರ್ತಿದೆ. ಅಣ್ಣಂಗೆ ಹೇಳ್ಬಿಡಿ, ನಾನು ಸಾಮಾನು ತರಕ್ಕೆ ಹೊರಟೆ.’ ನಾನು ಮತ್ತೊಮ್ಮೆ ಹ್ಞೂಂ ಎಂದೆ. ಅವನು ಫೋನ್ ಇಟ್ಟನು.

ಬಚ್ಚಲಿನೊಳಗಿಂದ ಯಜಮಾನರು, ಯಾರೇ ಅದು, ಏನಂತೆ ಎಂದು ಕೂಗಿದರು. ಸೂಜಿಗಳು ಇನ್ನೂ ಬಾಯಲ್ಲೇ ಇದ್ದವು. ‘ಸರಿಹೋಯ್ತಂತೆ ನಿಮ್ಮ ಬ್ರೇಕು’ ಎಂದೆ. ಬಾಯಿ ಖಾಲಿ ಇದ್ದಿದ್ದರೆ ಗೊಣಗಪ್ಪ ಎಳೆದ ಹಾಗೆಯೇ ರಾಗ ಎಳೆದು ಹೇಳುತ್ತಿದ್ದೆ, ಅಣಕಿಸುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಸೂಜಿ ಕಚ್ಚಿಕೊಂಡವರಿಗೆ ರಾಗ ಹೊರಡುವುದಿಲ್ಲ. ಮಾತು ಚಪ್ಪಟೆಯಾಗಿ ಬಾಗಿಲು ದಾಟಿ ಒಳಗೆ ಹೋಯಿತು. ಒಳಗಿನಿಂದ ಏನೋ ಅಂದರು. ನೀರಿನ ಸದ್ದಿನಲ್ಲಿ ‘ಒಳ್ಳೇದಾಯ್ತು’ ಎಂದಷ್ಟೇ ನನಗೆ ಕೇಳಿಸಿತು. ಏನಾದರೂ ಕೆಟ್ಟರೂ ನಾವು ಒಳ್ಳೇದಾಯ್ತು ಎಂದೇ ಹಲ್ಲು ಕಡಿಯುವುದಲ್ಲವೇ, ಅದೇ ಇದು ಎಂದುಕೊಂಡೆ.

ಪೈಪಿನ ವಿಷಯ, ಆಯಿಲಿನ ವಿಷಯ ಅವರು ಹೊರಗೆ ಬಂದ ಮೇಲೆ ಹೇಳೋಣ ಎಂದಿದ್ದೆ. ಅಷ್ಟರಲ್ಲಿ ನನ್ನ ಅಂಗಡಿಗೆ ಗಿರಾಕಿ ಬಂದು ಕಾಯುತ್ತಿದ್ದಾರೆ ಎಂದು ಪಕ್ಕದಂಗಡಿಯವರು ನನಗೆ ಫೋನ್ ಮಾಡಿದರು. ಪರದೆ ಸುತ್ತಿ ಬಗಲಿಗಿಟ್ಟುಕೊಂಡು ಓಡಿದೆ. ಹೇಳುವುದನ್ನು ಮರೆತೆ. ಈ ಮರೆವು ನನ್ನದು, ಇದರಲ್ಲಿ ಬೇರೆ ಯಾರ ಪಾಲೂ ಇರುವುದಿಲ್ಲ.

ಆ ಮೇಲೆ ಯಜಮಾನರು ಗ್ಯಾರೇಜಿನ ಕಡೆ ಹೋಗಿದ್ದಾರೆ. ಷಟರ್ ಅರ್ಧ ಇಳಿದಿತ್ತಂತೆ. ಗೊಣಗಪ್ಪ ಇರಲಿಲ್ಲ, ಕಾರು ಹೊರಗೆ ರಸ್ತೆಬದಿಯಲ್ಲಿ ನಿಂತಿತ್ತು. ಫೋನ್ ಮಾಡಿದರೆ ಅವನು ತೆಗೆಯಲಿಲ್ಲ. ಸ್ಕೂಟರಿನ ಮೇಲೆ ಸಾಮಾನಿಗೆ ಅಲೆಯುತ್ತಿದ್ದವನು ಹೇಗೆ ತೆಗೆದಾನು. ಸರಿಹೋಗಿದೆಯಲ್ಲ, ಆಮೇಲೆ ತಿಳಿಸಿದರಾಯಿತು ಎಂದು ಯಜಮಾನರು ಜೇಬಿನ ಕೀ ಹಾಕಿ ಕಾರು ತೆಗೆದರು. ಗ್ಯಾರೇಜಿನಿಂದ ನನ್ನ ಅಂಗಡಿಯವರೆಗೆ ಪೂರ್ತಿ ಏರುರಸ್ತೆ, ಬ್ರೇಕಿಗೆ ಕೆಲಸ ಬೀಳುವುದೇ ಕಡಿಮೆ. ಮಧ್ಯಾಹ್ನ ಒಂದೂವರೆಗೆ ಅಂಗಡಿಯ ಮುಂದೆ ಹಾರ್ನ್ ಕೇಳಿ ಹೊರಗೆ ಬಂದೆ. ಕಾರು ಕಂಡು, ಪರವಾಗಿಲ್ಲ, ಗೊಣಗಪ್ಪ ಇಷ್ಟು ಬೇಗ ಸಾಮಾನು ತಂದು ಹಾಕಿಬಿಟ್ಟನಲ್ಲ ಎಂದುಕೊಂಡೆ. ನನ್ನ ಮಾತು ನಂಬಿ ಅವರು ಕಾರು ತಂದಿದ್ದರು. ಅವರು ತಂದ ಕಾರು ನಂಬಿ ನಾನು ಹತ್ತಿದೆ. ‘ತಲೆ ಜೋಪಾನ ಮೇಡಂ’ ಎಂದು ಬಾಗಿಲು ಹಾಕಿ, ಮನೆಗೆ ಊಟಕ್ಕೆ ಹೊರಟರು.

ನನ್ನ ಅಂಗಡಿ ಇರುವುದು ಇಳಿಜಾರಿನ ನೆತ್ತಿಯಲ್ಲಿ, ದೊಡ್ಡಾಸ್ಪತ್ರೆಯ ಸಾಲಿನಲ್ಲಿ. ಅಲ್ಲಿಂದ ಕೆಳಗಿನ ಮುಖ್ಯರಸ್ತೆಗೆ ಸುಮಾರು ನಾನೂರು ಮೀಟರ್. ಕೆಳಗೆ ಎಡಕ್ಕೆ ಬಸ್ ಸ್ಟಾಪು, ಬಲಕ್ಕೆ ಬಣ್ಣದ ಗೋದಾಮಿನ ಕಲ್ಲುಗೋಡೆ. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಔಷಧದಂಗಡಿ ದಾಟಿದ ಮೇಲೆ ಯಜಮಾನರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಡ್ರೈವರನ ಹೆಂಡತಿಗೆ ಅಷ್ಟು ಸಾಕು. ಅವರ ಮೊಣಕಾಲು ಏಳುತ್ತಾ ಬೀಳುತ್ತಾ ಇರುವುದು ಹಿಂದಿನಿಂದ ಕಂಡಿತು. ಗೇರು ಇಳಿಸಿದರು. ಗಾಡಿ ಒಂದು ಸಲ ಜಗ್ಗಿ, ಇಂಜಿನ್ ನಿಂತುಹೋಯಿತು, ಸ್ಟೇರಿಂಗ್ ಕಲ್ಲಿನ ಹಾಗಾಯಿತು. ಈ ಕಾರಿನಲ್ಲಿ ಕೈಬ್ರೇಕಿನ ಬದಲು ಒಂದು ಸಣ್ಣ ಗುಂಡಿ ಇದೆ. ಅದನ್ನು ಎಳೆದರು, ಮತ್ತೆ ಎಳೆದರು. ಡ್ಯಾಶ್‌ಬೋರ್ಡಿನಲ್ಲಿ ಏನೇನೋ ಅಕ್ಷರ ಮೂಡಿದವೇ ಹೊರತು ಗಾಡಿ ನಿಲ್ಲಲಿಲ್ಲ. ಸದ್ದಿಲ್ಲದ ಕಾರು, ಕಿವಿಗೆ ಗಾಳಿಯೊಂದೇ ಕೇಳುತ್ತಿತ್ತು.

ಆಗ ಅವರು ತಿರುಗಿ ನೋಡದೆ, ‘ಸರಿಹೋಯ್ತು ಅಂದ್ಯಲ್ಲೇ!’ ಎಂದರು.

ಆ ಕ್ಷಣಕ್ಕೆ ನನಗೆ ಎಲ್ಲ ಹೊಳೆಯಿತು. ‘ಅಯ್ಯೋ, ಕೆಟ್ಟೋಯ್ತು ಅಂತ ರೀ ಅವ್ನು ಅಂದಿದ್ದು’ ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ‘ತಲೆ ಬಗ್ಗಿಸಿ ಸೀಟು ಹಿಡ್ಕೋ’ ಎಂದು ಮಾತ್ರ ಹೇಳಿ, ಹಾರ್ನಿನ ಮೇಲೆ ಕೈಯೂರಿದರು.

ಕೆಳಗೆ ಬಸ್ ಸ್ಟಾಪಿನ ಜನ ಚದುರಿದರು. ಎದುರಿಗೆ ಮುಖ್ಯರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಯಜಮಾನರು ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ, ತಮ್ಮ ಬದಿಯನ್ನೇ ಗೋಡೆಗೆ ಕೊಟ್ಟರು. ಇದನ್ನು ನಾನು ಕಣ್ಣಾರೆ ನೋಡಿರುತ್ತೇನೆ. ಎಡಕ್ಕೆ ಎಳೆದಿದ್ದರೆ ಪೆಟ್ಟು ನನಗೂ ಜನರಿಗೂ ಆಗುತ್ತಿತ್ತು. ಕಾರು ಗೋಡೆಗೆ ಉಜ್ಜಿಕೊಂಡು ಹೋಗಿ ಗೇಟಿನ ಕಂಬಕ್ಕೆ ಗುದ್ದಿ, ಹಿಂಭಾಗ ಗಿರಕ್ಕನೆ ತಿರುಗಿ ರಸ್ತೆಯ ಆಚೆ ಬದಿಗೆ ಬೀಸಿತು. ನರ್ಸಮ್ಮ ಮೊದಲು ಓಡಿದ್ದವರು, ಬಿಟ್ಟ ಚೀಲಕ್ಕೋ ಏನೋ ಹಿಂದಿರುಗಿದ್ದರು. ಆಕೆಯ ಮುಖ ನನ್ನ ಕಿಟಕಿಯ ಗಾಜಿನಾಚೆ ಒಂದು ಗೇಣು ದೂರದಲ್ಲಿ ಕಂಡಿತು. ಆಕೆ ನನ್ನನ್ನೇ ನೋಡಿದರು. ಆಮೇಲಿನ ಸದ್ದನ್ನು ನಾನು ಬರೆಸಲಾರೆ.

ಯಜಮಾನರ ಮುಂದಿನ ಏರ್‌ಬ್ಯಾಗು ತೆರೆದುಕೊಳ್ಳಲಿಲ್ಲ. ಅವರ ಪಕ್ಕೆಲುಬು ಮುರಿದು, ಬಲಗಾಲು ಬಾಗಿಲಿನಡಿ ಸಿಕ್ಕಿಕೊಂಡು, ತಗಡು ಕತ್ತರಿಸಿ ಹೊರಗೆ ತೆಗೆಯಬೇಕಾಯಿತು. ನನಗೆ ಹಣೆಯ ಮೇಲೆ ಹೊಲಿಗೆ ಬಿದ್ದಿರುವುದು ಬಿಟ್ಟರೆ ಏನೂ ಆಗಿರುವುದಿಲ್ಲ.

ನಿನ್ನೆ ನಿಮ್ಮವರು ಯಜಮಾನರ ಹೇಳಿಕೆ ಪಡೆಯುವಾಗ ನನ್ನನ್ನು ವಾರ್ಡಿನ ಹೊರಗೆ ನಿಲ್ಲಿಸಿದ್ದರು. ಏನು ಹೇಳಿದರೆಂದು ಕೇಳಿದರೆ, ನಡೆದಿದ್ದು ಹೇಳಿದೆ ಎಂದರು. ನಂಬಿದೆ. ಸಂಜೆ ಬಟ್ಟೆ ತರಲು ಮನೆಗೆ ಹೋದಾಗ ಗೊಣಗಪ್ಪನ ಹೆಂಡತಿ ನಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ‘ಅಕ್ಕಾ, ಫೋನ್ ತಾನೇ ತೆಗೆದೆ ಅಂದ್ರಂತೆ ಅಣ್ಣ. ನಮ್ಮೋರು ಬೇರೇನೇ ಹೇಳ್ತಾರೆ. ನಿಮ್ಮ ಹತ್ರಾನೇ ಮಾತಾಡಿದ್ದು, ಪೈಪು ಸೀಳಿದೆ ಅಂತಾನೂ ಹೇಳಿದ್ದೆ ಅಂತಾರೆ. ಯಾವುದು ನಿಜ ಅಕ್ಕಾ?’ ಎಂದು ಕೇಳಿದಳು. ಸರಿಹೋಯ್ತು ಅಂದೆಯೋ ಇಲ್ಲವೋ ಎಂದು ಠಾಣೆಯಲ್ಲಿ ಕೇಳಿದಾಗ ಅವನು, ಅಂದೆ ಎಂದು ಒಪ್ಪಿಕೊಂಡಿದ್ದಾನಂತೆ. ಆಮೇಲೆ ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ನಾನು ಅವಳಿಗೆ ನಾಳೆ ಹೇಳುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಇವತ್ತು ಬೆಳಗ್ಗೆ ವಾರ್ಡಿನಲ್ಲಿ ಯಜಮಾನರನ್ನು, ‘ಫೋನ್ ನೀವು ತೆಗೆದ್ರಾ?’ ಎಂದು ಕೇಳಿದೆ. ಮೊದಲು ಹೌದು ಎಂದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಾಗುತ್ತದೆ. ನಾನು ನೋಡುತ್ತಲೇ ಇದ್ದೆ. ಕೊನೆಗೆ, ‘ಆಯಮ್ಮಂಗೆ ಏನಾದ್ರೂ ಆದ್ರೆ ನನ್ನ ಮಾತಿಂದ ಆಯ್ತು ಅಂತ ನೀನು ಸಾಯೋವರೆಗೂ ಕೊರಗ್ತೀಯ. ನಿನ್ನ ನಾನು ನೋಡಿಲ್ವಾ? ಗೊಣಗಪ್ಪ ಆದ್ರೆ ನಾಲ್ಕು ದಿನ ಗೊಣಗಿ ಸುಮ್ನಾಗ್ತಾನೆ’ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅವರ ಕಾಲನ್ನು ಕಟ್ಟಿ ತೂಗುಬಿಟ್ಟಿರುವುದನ್ನೂ ಮರೆತು ಜಗಳಕ್ಕೆ ನಿಂತೆ. ‘ನಾಲ್ಕು ದಿನಾನಾ? ಕೇಸು ಬಿದ್ದೋನ ಕೈಗೆ ಇನ್ನು ಯಾರು ರೀ ಗಾಡಿ ಕೊಡ್ತಾರೆ? ನನ್ನ ಕೊರಗು ತಪ್ಪಿಸಕ್ಕೆ ಅವನ ಹೊಟ್ಟೆ ಮೇಲೆ ಹೊಡೀತೀರಾ?’ ಎಂದೆ. ಪಕ್ಕದ ಹಾಸಿಗೆಯವರೆಲ್ಲ ಎದ್ದು ಕುಳಿತರು. ಯಜಮಾನರು ಅತ್ತರು. ಅವರು ಅತ್ತಿದ್ದನ್ನು ನೋಡಿ ನಾನೂ ಅತ್ತೆ. ಠಾಣೆಗೆ ಹೋಗುತ್ತೇನೆ ಎಂದಾಗ ಬೇಡ ಎಂದು ನನ್ನ ಕೈ ಹಿಡಿದುಕೊಂಡರು. ಒಂದೊಂದೇ ಬೆರಳು ಬಿಡಿಸಿಕೊಂಡು ಹೊರಟೆ. ಕೆಳಗಿನ ಮಹಡಿಯ ಬೆಂಚಿನ ಮೇಲೆ ನರ್ಸಮ್ಮನ ಅಣ್ಣ ಕುಳಿತಿದ್ದರು. ಅವರಿಗೂ ಇದನ್ನೆಲ್ಲ ಹೇಳಿಯೇ ಬಂದಿದ್ದೇನೆ.

ಹನ್ನೊಂದು ಗಂಟೆಗೆ ಈ ಠಾಣೆಗೆ ಬಂದು ಮೇಲಿನದೆಲ್ಲವನ್ನೂ ಹೇಳಿದೆ. ರೈಟರ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಂಡು, ಅವನೂ ಸರಿಹೋಯ್ತು ಅಂದೆ ಎನ್ನುತ್ತಾನೆ, ನೀವೂ ಅಂದ ಎನ್ನುತ್ತೀರಿ, ಪೈಪು ಸೀಳಿದ್ದರೆ ಹಾಗೇಕೆ ಅನ್ನಬೇಕು, ಕಾಗದದ ಮೇಲೆ ಆ ಮಾತಿಗೆ ರಿಪೇರಿ ಆಯಿತು ಅಂತಲೇ ಅರ್ಥ, ರಾಗವನ್ನು ನಾನು ಹೇಗಮ್ಮ ಬರೆಯಲಿ ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಟೈಪ್ ಮಾಡಿದ್ದೆಲ್ಲ ಅಳಿಸಿಹೋಯಿತು. ರೈಟರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ‘ಸರಿಹೋಯ್ತು!’ ಎಂದರು.

ಏನು ಸರಿಹೋಯ್ತು ಸಾರ್ ಎಂದು ನಾನು ಕೇಳಿದೆ. ಹೊರಗಿನ ಬೆಂಚಿನಿಂದ ಗೊಣಗಪ್ಪ ಕೆಮ್ಮಿದ್ದು ಕೇಳಿಸಿತು. ಇನ್‌ಸ್ಪೆಕ್ಟರ್ ತಮ್ಮ ಮೇಜಿನಿಂದಲೇ, ಎಲ್ಲವನ್ನೂ ಮೊದಲಿನಿಂದ ಕೈಯಲ್ಲಿ ಬರೆದುಕೊಳ್ಳಿ, ಈಗ ನೀವು ಅಂದಿದ್ದನ್ನೂ ಸೇರಿಸಿ ಎಂದು ರೈಟರಿಗೆ ಹೇಳಿದರು. ಅದರಂತೆ ಸೇರಿಸಲಾಗಿದೆ.

ಯಜಮಾನರ ಹೇಳಿಕೆ ಸುಳ್ಳೆಂದು ಬರೆಸಿದರೆ ಕೇಸು ಅವರ ಮೇಲೂ ಬರಬಹುದು, ನಿಮ್ಮ ಮೇಲೂ ಬರಬಹುದು, ಗೊತ್ತಿದೆಯೇ ಎಂದು ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದರು. ಗೊತ್ತಿದೆ ಎಂದೆ. ಗೊತ್ತಿದ್ದೂ ಹೆದರಿಕೆಯಾಗುತ್ತಿದೆ ಎಂದೂ ಹೇಳಿದೆ. ಗೊಣಗಪ್ಪ ಹೇಳಬೇಕಾದ್ದನ್ನು ಹೇಳಿದ್ದಾನೆ, ಅವನನ್ನು ಮನೆಗೆ ಕಳಿಸಬೇಕಾಗಿ ಕೋರುತ್ತೇನೆ.

ಬರೆದದ್ದನ್ನು ರೈಟರ್ ನನಗೆ ಓದಿ ಹೇಳಿದರು. ನಾನೂ ಕನ್ನಡಕ ಹಾಕಿಕೊಂಡು ಓದಿದೆ. ನಾನು ಹೇಳಿದ್ದೇ ಇದರಲ್ಲಿದೆ, ಹೇಳದೆ ಇದ್ದದ್ದು ಯಾವುದೂ ಇಲ್ಲ, ಹೇಳಿದ್ದೆಲ್ಲ ನಿಜ. ಈ ಹೇಳಿಕೆ ಕೊಡು ಎಂದು ಯಾರೂ ನನ್ನನ್ನು ಬಲವಂತ ಮಾಡಿರುವುದಿಲ್ಲ. ಕೊಡಬೇಡ ಎಂದು ಕೈಹಿಡಿದು ಬೇಡಿಕೊಂಡವರು ಒಬ್ಬರಿದ್ದಾರೆ. ಅವರು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿದ್ದಾರೆ. ಸಹಿ ಹಾಕಿ ನಾನು ಹೋಗುವುದು ಅಲ್ಲಿಗೇ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೋಣೆ
ದಿನಾಂಕ: ಅಪಘಾತವಾದ ಮೂರನೆಯ ದಿನ, ಮಧ್ಯಾಹ್ನ
ಸಹಿ: (ಪರದೆ ಅಕ್ಕ)